ಯುವಕರಿಗಾಗಿ ಭವನ: ನೆಲ, ನೀರು, ನೆರಳಿನ ವಿಚಾರ

(ಶ್ರೀಮಠದ ಅಬಿಡ್ಸ್ ಶಾಖೆಯಲ್ಲಿ ಮಧ್ವನವಮಿಯ ಉತ್ಸವದ ಅಂಗವಾಗಿ ಮಾಡಿದ ಉಪನ್ಯಾಸದ ಲಿಖಿತ ರೂಪ)

॥ ಶ್ರೀಹರಿವಾಯುಗುರುಭ್ಯೋ ನಮಃ ॥

ಈ ವೇದಿಕೆಯಲ್ಲಿ ಇಷ್ಟು ಹೊತ್ತು ಶಾಸ್ತ್ರವಿಚಾರ ನಡೆಯಿತು. ಅದರ ಬೆನ್ನಿಗೇ ಇಟ್ಟಿಗೆ, ಸುಣ್ಣ, ಸೂರುಗಳ ಮಾತನ್ನು ಎತ್ತುವುದು ನನಗೇ ಸಂಕೋಚದ ಸಂಗತಿ. ಆದರೆ ನಮ್ಮ ಶಾಖೆಯ ಹಿತ್ತಲಿನಲ್ಲಿ ಯುವಕರಿಗಾಗಿ ಒಂದು ಭವನವನ್ನು ನಿರ್ಮಿಸಬೇಕೆಂದು ಸಮಿತಿಯವರು ಸಂಕಲ್ಪಿಸಿದ್ದಾರೆ; ಅದರ ಮೊದಲ ನಕ್ಷೆಯನ್ನು ನನ್ನ ಕೈಗೆ ಕೊಟ್ಟು ಅಭಿಪ್ರಾಯ ಕೇಳಿದ್ದಾರೆ. ನಾಲ್ಕು ಜನರ ಎದುರಿಗೇ ಹೇಳುತ್ತೇನೆ ಎಂದು ನಾನೇ ಅನುಮತಿ ಪಡೆದೆ. ಏಕೆಂದರೆ ಭವನಕ್ಕೆ ದ್ರವ್ಯ ಕೊಡುವವರೂ ನೀವೇ, ಅದರಲ್ಲಿ ಇರಬೇಕಾದವರೂ ನಿಮ್ಮ ಮಕ್ಕಳೇ.

ಸುಮಧ್ವವಿಜಯದ ಒಂದು ಪ್ರಸಂಗವನ್ನು ನೀವೆಲ್ಲರೂ ಕೇಳಿರುತ್ತೀರಿ. ಶ್ರೀಮದಾಚಾರ್ಯರು ಶಿಷ್ಯಸಮೇತರಾಗಿ ಉತ್ತರದ ಯಾತ್ರೆಯಲ್ಲಿದ್ದಾಗ ಈಶ್ವರದೇವನೆಂಬ ಅರಸನು ದಾರಿಹೋಕರನ್ನೆಲ್ಲ ಹಿಡಿದು ಕೆರೆ ತೋಡಿಸುತ್ತಿದ್ದನು. ಆಚಾರ್ಯರನ್ನೂ ತೋಡಲು ಆಜ್ಞಾಪಿಸಿದನು. ತೋಡುವ ಬಗೆ ನಮಗೆ ತಿಳಿಯದು, ನೀನೇ ತೋಡಿ ತೋರಿಸು ಎಂದರು ಆಚಾರ್ಯರು. ತೋರಿಸಲು ಗುದ್ದಲಿ ಹಿಡಿದ ಅರಸನು ಅದನ್ನು ಬಿಡಲಾಗದೆ ತೋಡುತ್ತಲೇ ಉಳಿದನು. ಈ ಕಥೆಯ ತತ್ತ್ವಾರ್ಥವನ್ನು ಪಂಡಿತರು ಹೇಳುತ್ತಾರೆ. ನನ್ನಂತಹ ಕಟ್ಟಡದ ಕೆಲಸದವನಿಗೆ ಮಾತ್ರ ಅದರಲ್ಲಿ ಬೇರೊಂದು ಎಚ್ಚರಿಕೆ ಕೇಳಿಸುತ್ತದೆ: ಆಜ್ಞೆ ಕೊಡುವವನು ಒಮ್ಮೆಯಾದರೂ ಆ ಬಿಸಿಲಿನಲ್ಲಿ ನಿಂತಿರಬೇಕು. ನಕ್ಷೆ ಬರೆಯುವವನು ತಾನು ಬರೆದ ಕೋಣೆಯಲ್ಲಿ ಒಂದು ಮೇ ತಿಂಗಳನ್ನು ಕಳೆದಿರಬೇಕು.

ನಾನು ಕಳೆದಿರಲಿಲ್ಲ. ವೃತ್ತಿಜೀವನದ ಆರಂಭದಲ್ಲಿ ಒಂದು ಊರಿನ ವಿದ್ಯಾರ್ಥಿನಿಲಯಕ್ಕೆ ನಕ್ಷೆ ಮಾಡಿಕೊಟ್ಟೆ. ಆರು ಇಂಚಿನ ಕಾಂಕ್ರೀಟ್ ಛಾವಣಿ, ಪಶ್ಚಿಮಕ್ಕೆ ಅಗಲವಾದ ಗಾಜಿನ ಕಿಟಕಿಗಳು, ಎದುರಿಗೆ ನುಣುಪಾದ ಕಲ್ಲಿನ ಹಾಸು. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು. ಮರುವರ್ಷ ಏಪ್ರಿಲ್ ಕೊನೆಯಲ್ಲಿ ಬೇರೆ ಕಾರ್ಯನಿಮಿತ್ತ ಅಲ್ಲಿಗೆ ಹೋದಾಗ ಸಂಜೆ ಆರು ಗಂಟೆಯ ಸಮಯ; ಕೋಣೆಗಳೆಲ್ಲ ಖಾಲಿ. ಹುಡುಗರು ಹತ್ತಿರದ ದೇವಸ್ಥಾನದ ಪ್ರದಕ್ಷಿಣೆಯ ಪಥದಲ್ಲಿ ಪುಸ್ತಕ ಹಿಡಿದು ಕುಳಿತಿದ್ದರು. ಪ್ರವೇಶಪರೀಕ್ಷೆಗೆ ಸಿದ್ಧನಾಗುತ್ತಿದ್ದ ಒಬ್ಬ ಹುಡುಗನನ್ನು ಕಾರಣ ಕೇಳಿದೆ. 'ಕಾಕಾ, ಅಲ್ಲಿ ಕುಳಿತರೆ ಅಕ್ಷರ ಕಣ್ಣಿಗೆ ಕಾಣುತ್ತದೆ, ತಲೆಗೆ ಹೋಗುವುದಿಲ್ಲ' ಎಂದ. ಆ ಕಟ್ಟಡವನ್ನು ಬರೆದವನು ನಾನೇ ಎಂದು ಅವನಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಇಂದು ನಿಮ್ಮೆದುರು ಹೇಳುತ್ತಿದ್ದೇನೆ.

ಆ ಕೋಣೆಗಳಲ್ಲಿ ನಡೆದದ್ದಾದರೂ ಏನು? ನಮ್ಮ ಹೈದರಾಬಾದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಹದಿನೇಳು ಡಿಗ್ರಿ ಚಿಲ್ಲರೆ ದೂರದಲ್ಲಿದೆ. ಆದ್ದರಿಂದ ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯನು ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ಮೊದಲ ವಾರದಲ್ಲಿ ಮತ್ತೊಮ್ಮೆ ಬರುತ್ತಾನೆ. ಬೇಸಿಗೆಯಲ್ಲಿ ಕಟ್ಟಡಕ್ಕೆ ಬೀಳುವ ಶಾಖದ ದೊಡ್ಡ ಪಾಲು ಛಾವಣಿಯ ಮೇಲೆ. ಅನಂತರದ ಪಾಲು ಪೂರ್ವ ಪಶ್ಚಿಮದ ಗೋಡೆಗಳದ್ದು. ದಕ್ಷಿಣದ ಗೋಡೆಗೆ ಬಿಸಿಲು ಮುಖ್ಯವಾಗಿ ಚಳಿಗಾಲದಲ್ಲಿ, ಅದನ್ನು ಒಂದು ಸಾಧಾರಣ ಛಜ್ಜಾ ತಡೆಯಬಲ್ಲದು. ಪಶ್ಚಿಮದ ಸೂರ್ಯ ಮಾತ್ರ ಕೆಳಗಿಳಿದು ಓರೆಯಾಗಿ ನುಗ್ಗುವವನು. ಎಷ್ಟು ಉದ್ದದ ಛಜ್ಜಾ ಇಟ್ಟರೂ ಅವನು ಅದರ ಅಡಿಯಿಂದಲೇ ಒಳಗೆ ಬರುತ್ತಾನೆ. ಇನ್ನು ಆರು ಇಂಚಿನ ಕಾಂಕ್ರೀಟ್ ಛಾವಣಿಯ ಗುಣವೇನೆಂದರೆ, ಮೇಲೆ ಬಿದ್ದ ಶಾಖ ಕೆಳಮುಖಕ್ಕೆ ತಲುಪಲು ಸುಮಾರು ನಾಲ್ಕೈದು ಗಂಟೆ ಬೇಕು. ಮಧ್ಯಾಹ್ನ ಒಂದಕ್ಕೆ ಬಿದ್ದದ್ದು ಸಂಜೆ ಐದಾರಕ್ಕೆ ಕೋಣೆಯೊಳಗೆ ಇಳಿಯುತ್ತದೆ. ಹೊರಗೆ ಗಾಳಿ ತಂಪಾಗುವ ಹೊತ್ತಿಗೆ ಒಳಗೆ ಛಾವಣಿಯೇ ಒಲೆಯಾಗುತ್ತದೆ. ಮಕ್ಕಳು ಓದಲು ಕುಳಿತುಕೊಳ್ಳುವ ಹೊತ್ತೂ ಅದೇ.

ಇದಕ್ಕೆ ನಮ್ಮ ಪೂರ್ವಿಕರ ಬಳಿ ಉತ್ತರವಿತ್ತು. ಇಲ್ಲಿ ಕುಳಿತಿರುವ ಬಹಳ ಮಂದಿಯ ಮೂಲ ರಾಯಚೂರು, ಮಾನ್ವಿ, ಕಲಬುರಗಿ, ಸುರಪುರದ ಕಡೆಯದು. ಅಜ್ಜನ ಮನೆಯನ್ನು ನೆನಪಿಸಿಕೊಳ್ಳಿ. ಎರಡು ಅಡಿಗೂ ಮಿಕ್ಕಿದ ಮಣ್ಣು ಕಲ್ಲಿನ ಗೋಡೆ, ತೊಲೆ ಜಂತೆಗಳ ಮೇಲೆ ದಪ್ಪನಾಗಿ ಮಣ್ಣು ಹಾಕಿದ ಮಾಳಿಗೆ, ನಡುವೆ ಬೆಳಕಿಗೂ ಹೊಗೆಗೂ ಒಂದು ಗವಾಕ್ಷಿ, ಎದುರಿಗೆ ಪಡಸಾಲೆ, ಬಾಗಿಲಾಚೆ ಕಟ್ಟೆ, ಕಾಲಡಿಗೆ ಶಹಾಬಾದಿನ ಪರಸಿ. ಅಂತಹ ಗೋಡೆಯ ಮೂಲಕ ಹಗಲಿನ ಶಾಖ ಒಳಗೆ ಬರಲು ಹತ್ತು ಹನ್ನೆರಡು ಗಂಟೆಗಳಾಗುತ್ತವೆ. ಬರುವಷ್ಟರಲ್ಲಿ ರಾತ್ರಿಯ ಗಾಳಿ ಅದನ್ನು ಹೊರಗೊಯ್ಯಲು ಸಿದ್ಧವಾಗಿರುತ್ತದೆ. ದಕ್ಖನ್ನಿನ ಬೇಸಿಗೆಯಲ್ಲಿ ಹಗಲು ನಲವತ್ತು ಡಿಗ್ರಿ ದಾಟಿದರೂ ಬೆಳಗಿನ ಜಾವಕ್ಕೆ ಹತ್ತು ಹನ್ನೆರಡು ಡಿಗ್ರಿ ಇಳಿಯುತ್ತದೆ. ಆ ಇಳಿತವೇ ನಮ್ಮ ಸಂಪತ್ತು. ಗೋಡೆ ದಪ್ಪವಾಗಿ, ಕಿಟಕಿ ರಾತ್ರಿ ತೆರೆದು, ಹಗಲು ಮುಚ್ಚಿದರೆ ಒಂದು ಪೈಸೆಯ ವಿದ್ಯುತ್ತಿಲ್ಲದೆ ಆ ಸಂಪತ್ತು ಮನೆಯೊಳಗೆ ಬರುತ್ತದೆ.

ಇಲ್ಲಿ ಒಂದು ಭ್ರಮೆಯನ್ನು ಬಿಡಬೇಕು. ಸಮಿತಿಯ ಕೆಲವರು ಭವನಕ್ಕೆ ಉಡುಪಿಯ ಮಠಗಳ ಹಾಗೆ ಇಳಿಜಾರು ಹೆಂಚಿನ ಮಾಡು ಇರಲಿ ಎಂದಿದ್ದಾರೆ. ಅವರ ಭಕ್ತಿಗೆ ನನ್ನ ನಮಸ್ಕಾರ. ರಥಬೀದಿಯ ಮಠಗಳ ಆ ಮಾಡು, ಆ ಮರದ ಕಂಬದ ಜಗುಲಿ, ಆ ಒಳ ಅಂಗಳ ಯಾರ ಕಣ್ಣಿಗೆ ಹಬ್ಬವಲ್ಲ? ಆದರೆ ಉಡುಪಿಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ. ಹಗಲು ರಾತ್ರಿಗಳ ಶಾಖದಲ್ಲಿ ಅಂತರ ಕಡಿಮೆ, ಗಾಳಿಯಲ್ಲಿ ತೇವ ಹೆಚ್ಚು. ಅಲ್ಲಿ ನೀರು ಜಾರಬೇಕು, ಗಾಳಿ ಆಡಬೇಕು. ಇಲ್ಲಿ ಮಳೆ ಸುಮಾರು 800 ಮಿಲಿಮೀಟರ್. ಮಾರ್ಚಿಯಿಂದ ಮೇವರೆಗೆ ಒಣ ಹವೆ. ಇಲ್ಲಿ ಶಾಖವನ್ನು ತಡೆಹಿಡಿಯಬೇಕು. ಎರಡೂ ಉಷ್ಣವಲಯವೇ ಆದರೂ ಎರಡರ ಮನೆ ಒಂದಲ್ಲ. ಮಂಗಳೂರು ಹೆಂಚಾದರೂ ಬಾಸೆಲ್ ಮಿಷನ್ನಿನವರು 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಬಂದದ್ದು. ಅದನ್ನು ಸಂಪ್ರದಾಯದ ಲಕ್ಷಣವೆಂದು ಅಬಿಡ್ಸಿಗೆ ಹೊತ್ತು ತರುವ ಅಗತ್ಯ ನನಗೆ ಕಾಣುವುದಿಲ್ಲ. ನಮಗೆ ಮಾದರಿ ಬೇಕಿದ್ದರೆ ಅದು ಮಾನ್ವಿಯ ಮಾಳಿಗೆಯೇ.

ಮಾದರಿ ನೋಡಲು ಅಷ್ಟು ದೂರವೂ ಹೋಗಬೇಕಿಲ್ಲ. ಆಲ್ಬರ್ಟ್ ಅಬಿದ್ ಎಂಬ ಅರ್ಮೇನಿಯದ ವರ್ತಕನ ಅಂಗಡಿಯಿಂದ ಹೆಸರು ಪಡೆದ ಈ ಪೇಟೆಯಿಂದ ಕಾಲ್ನಡಿಗೆಯ ದೂರದಲ್ಲಿ ಮೊಅಜ್ಜಂ ಜಾಹಿ ಮಾರ್ಕೆಟ್ ಇದೆ. 1935ರ ಕಲ್ಲಿನ ಕಟ್ಟಡ. ಬಹಳ ಕಾಲ ಪಾಳುಬಿದ್ದಂತಿದ್ದು 2020ರಲ್ಲಿ ಜೀರ್ಣೋದ್ಧಾರವಾಯಿತು. ಮೇ ತಿಂಗಳ ಒಂದು ಮಧ್ಯಾಹ್ನ ಅದರ ಕಮಾನುಗಳ ಕೆಳಗೆ ಹತ್ತು ನಿಮಿಷ ನಿಂತು, ಆಮೇಲೆ ರಸ್ತೆಯ ಯಾವುದಾದರೂ ಗಾಜುಮುಖದ ವಾಣಿಜ್ಯ ಸಂಕೀರ್ಣದ ಮುಂದೆ ನಿಂತು ನೋಡಿ. ನನ್ನ ಉಪನ್ಯಾಸ ಅನಾವಶ್ಯಕವಾಗುತ್ತದೆ. ಹೊಸ ಕಾಲದ ಕಟ್ಟಡವೇ ಬೇಕೆನ್ನುವವರು ಹೈಟೆಕ್ ಸಿಟಿಯ ಕಡೆ ಹೋಗಿ ಸೊಹ್ರಾಬ್ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರವನ್ನು ನೋಡಬಹುದು. 2004ರ ಜುಲೈ 14ರಂದು ಅಂದಿನ ರಾಷ್ಟ್ರಪತಿಗಳಾದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಅದನ್ನು ಉದ್ಘಾಟಿಸಿದರು. ಕರಣ್ ಗ್ರೋವರ್ ಅವರ ವಿನ್ಯಾಸ. ನಡುವೆ ವೃತ್ತಾಕಾರದ ಅಂಗಳ, ಬಿಸಿಗಾಳಿಯನ್ನು ತಂಪು ಮಾಡಿ ಒಳಗೆ ಬಿಡುವ ಗಾಳಿಗೋಪುರಗಳು, ಛಾವಣಿಯ ಮೇಲೆ ತೋಟ, ಬಳಸಿದ ನೀರನ್ನು ಸಸ್ಯದ ಬೇರುಗಳ ಮೂಲಕ ಶುದ್ಧಿಮಾಡುವ ವ್ಯವಸ್ಥೆ. ಅಮೆರಿಕದ ಹಸಿರು ಕಟ್ಟಡ ಮಂಡಳಿಯ ಅತ್ಯುಚ್ಚ ದರ್ಜೆ ಅದಕ್ಕೆ ದೊರಕಿತು. ನಾನು ಅದನ್ನು ನೋಡಿ ಬಂದ ದಿನ ಮನೆಯಲ್ಲಿ ಹೇಳಿದ್ದು ಇಷ್ಟೇ: ಅಂಗಳ, ಜಾಲಂಧ್ರ, ತೋಟ, ಇವನ್ನೆಲ್ಲ ನಾವು ಕೆಡವಿ ಹಾಕಿದೆವು, ಅವರು ಅಳತೆ ಹಾಕಿ ಮತ್ತೆ ಕಟ್ಟಿದರು.

ಇಷ್ಟು ಖರ್ಚಿನ ಕಟ್ಟಡ ನಮಗೆ ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರಾರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮೊದಲಾದವರು ಮಣ್ಣಿನ ಇಟ್ಟಿಗೆಗಳ ಕುರಿತು ದೀರ್ಘಕಾಲ ಶ್ರಮಿಸಿದರು. ಮಣ್ಣಿಗೆ ನೂರಕ್ಕೆ ಐದರಿಂದ ಎಂಟರಷ್ಟು ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ, ನೀರುಣಿಸಿ ಹದಗೊಳಿಸಿದರೆ ಸುಡುವ ಕೆಲಸವಿಲ್ಲದೆ ಗಟ್ಟಿ ಇಟ್ಟಿಗೆ ಸಿದ್ಧವಾಗುತ್ತದೆ. ಅಡಿಪಾಯಕ್ಕೆ ಅಗೆದ ಮಣ್ಣೇ ಹದವಾಗಿದ್ದರೆ ಗೋಡೆಗೆ ಬರುತ್ತದೆ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಅವರು ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಪೊಳ್ಳು ಬಿಟ್ಟು ಕಟ್ಟುವ ವಿಧಾನವನ್ನು ಪ್ರಚಾರಕ್ಕೆ ತಂದರು. ಇಟ್ಟಿಗೆಯಲ್ಲಿ ಕಾಲುಭಾಗ ಉಳಿತಾಯ. ಒಳಗಿನ ಪೊಳ್ಳು ಶಾಖವನ್ನೂ ತಡೆಯುತ್ತದೆ. ಅವರು 2007ರಲ್ಲಿ ತೀರಿಕೊಂಡರು. ಅವರ ವಿಧಾನ ತಿಳಿದ ಗಾರೆಯವರು ದಕ್ಷಿಣದಲ್ಲೆಲ್ಲ ಇದ್ದಾರೆ.

ಈಗ ಸಮಿತಿಯ ನಕ್ಷೆಗೆ ಬರುತ್ತೇನೆ. ಬೇಸರಿಸಬಾರದು. ನಕ್ಷೆಯಲ್ಲಿ ಪಶ್ಚಿಮದ ರಸ್ತೆಗೆ ಮುಖಮಾಡಿ ಮೂರು ಅಂತಸ್ತಿನ ಗಾಜು, ಕೆಳಗೆ ಹವಾನಿಯಂತ್ರಿತ ಸಭಾಂಗಣ, ಮೇಲೆ ಹುಡುಗರ ಕೋಣೆಗಳು. ಸ್ಥಳಾವಕಾಶಕ್ಕಾಗಿ ಹಿತ್ತಲಿನ ಬೇವಿನ ಮರ ಕಡಿಯಬೇಕು, ಹಳೆಯ ಬಾವಿಯ ಮೇಲೆ ಚಪ್ಪಡಿ ಹಾಕಬೇಕು. ಅಂದರೆ ನಾನು ನಲವತ್ತು ವರ್ಷಗಳ ಹಿಂದೆ ಮಾಡಿದ ತಪ್ಪು, ಮೂರು ಪಟ್ಟು.

ಹವಾನಿಯಂತ್ರಣವಿದೆಯಲ್ಲ ಎನ್ನಬಹುದು. ಒಂದೂವರೆ ಟನ್ನಿನ ಒಂದು ಯಂತ್ರ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತೆಗೆದುಕೊಳ್ಳುತ್ತದೆ. ಸಭಾಂಗಣಕ್ಕೆ ನಾಲ್ಕು ಯಂತ್ರಗಳು, ದಿನಕ್ಕೆ ಆರು ಗಂಟೆ ಎಂದರೆ ಮೂವತ್ತಾರು ಯೂನಿಟ್. ಉತ್ಸವದ ದಿನ ದಾನಿಗಳು ಕೊಡುತ್ತಾರೆ. ಸಾಧಾರಣ ಮಂಗಳವಾರದಂದು ಮೂವರು ಹುಡುಗರು ಓದಲು ಬಂದರೆ ಯಂತ್ರ ಹಾಕುವವರು ಯಾರು? ಬಿಲ್ಲಿನ ಭಯಕ್ಕೆ ಬೀಗ ಬೀಳುತ್ತದೆ. ಗಾಜಿನ ಸಭಾಂಗಣಗಳು ವರ್ಷದಲ್ಲಿ ಬಹುಕಾಲ ಬೀಗ ಹಾಕಿಕೊಂಡಿರುವುದನ್ನು ಈ ಊರಿನಲ್ಲಿ ನಾವು ನೋಡಿಲ್ಲವೇ? ಅದೇ ಜಾಗದಲ್ಲಿ ಹೊಸ ತೆರನಾದ ಪಂಕ ಮೂವತ್ತು ವಾಟಿನಷ್ಟು ಮಾತ್ರ ತೆಗೆದುಕೊಳ್ಳುತ್ತದೆ. ಹವೆ ಒಣಗಿರುವ ಏಪ್ರಿಲ್ ಮೇ ತಿಂಗಳಲ್ಲಿ ನೀರಿನ ಕೂಲರ್ ಅಥವಾ ಲಾವಂಚದ ತಟ್ಟಿ ಚೆನ್ನಾಗಿ ಕೆಲಸ ಮಾಡುತ್ತದೆ. ಜುಲೈಯಲ್ಲಿ ಮಾಡುವುದಿಲ್ಲ, ಆಗ ಪಂಕ ಮತ್ತು ತೆರೆದ ಕಿಟಕಿ ಸಾಕು.

ನನ್ನ ಸೂಚನೆ ಇಷ್ಟು. ಭವನ ಪೂರ್ವ ಪಶ್ಚಿಮವಾಗಿ ಉದ್ದವಿರಲಿ, ಉದ್ದದ ಪಾರ್ಶ್ವಗಳು ಉತ್ತರ ದಕ್ಷಿಣಕ್ಕೆ. ಓದುವ ಕೋಣೆಯ ಕಿಟಕಿಗಳು ಉತ್ತರಕ್ಕೆ ಇದ್ದರೆ ದಿನವಿಡೀ ಕಣ್ಣಿಗೆ ಕುಕ್ಕದ ಬೆಳಕು ಸಿಗುತ್ತದೆ. ಪಶ್ಚಿಮದ ತುದಿಯಲ್ಲಿ ಮೆಟ್ಟಿಲು, ಸ್ನಾನಗೃಹ, ಉಗ್ರಾಣಗಳನ್ನು ಇಟ್ಟರೆ ಅವೇ ಬಿಸಿಲಿಗೆ ಎದೆಯೊಡ್ಡುತ್ತವೆ. ರಸ್ತೆಯ ಕಡೆಗೆ ಗಾಜಿನ ಬದಲು ಜಾಲಂಧ್ರದ ಗೋಡೆ. ಮಹಡಿ ಎರಡೇ ಸಾಕು. ಛಾವಣಿಯ ಮೇಲೆ ಪ್ರತಿವರ್ಷ ಯುಗಾದಿಗೆ ಮುಂಚೆ ಬಿಳಿ ಸುಣ್ಣ, ಹುಡುಗರೇ ಬಳಿಯಬಹುದು. ಬಿಳಿಯ ಛಾವಣಿಯ ಕೆಳಗಿನ ಕೋಣೆ ಸಾಮಾನ್ಯವಾಗಿ ಎರಡರಿಂದ ಐದು ಡಿಗ್ರಿ ತಂಪಾಗಿರುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಛಾವಣಿಗೆಂದೇ ಒಂದು ನೀತಿಯನ್ನು ಪ್ರಕಟಿಸಿ, ಸರ್ಕಾರಿ ಮತ್ತು ವಾಣಿಜ್ಯ ಕಟ್ಟಡಗಳಿಗೆ, 600 ಚದರ ಗಜಕ್ಕಿಂತ ದೊಡ್ಡ ನಿವೇಶನದ ಮನೆಗಳಿಗೆ ಅದನ್ನು ಕಡ್ಡಾಯಗೊಳಿಸಿತು. ಅಜ್ಜಿ ಮಾಳಿಗೆಗೆ ಸುಣ್ಣ ಬಳಿಸುತ್ತಿದ್ದಾಗ ಯಾವ ನೀತಿಯೂ ಇರಲಿಲ್ಲ. ಛಾವಣಿಯ ಒಂದು ಭಾಗದಲ್ಲಿ ಸೌರ ಫಲಕಗಳನ್ನು ಎತ್ತರಿಸಿ ನಿಲ್ಲಿಸಿದರೆ ಒಂದು ಕಿಲೋವಾಟಿಗೆ ದಿನಕ್ಕೆ ನಾಲ್ಕು ಯೂನಿಟಿನಷ್ಟು ವಿದ್ಯುತ್ತೂ, ಕೆಳಗೆ ನೆರಳೂ ದೊರೆಯುತ್ತವೆ.

ಸಭಾಂಗಣದ ಬಗ್ಗೆ ಒಂದು ಉಪಮಾತು. ನುಣ್ಣನೆಯ ಕಲ್ಲು, ಗಾಜು, ಬರಿಯ ಕಾಂಕ್ರೀಟು ಸೇರಿದಲ್ಲಿ ಧ್ವನಿ ಪುಟಿದು ಪುಟಿದು ಪ್ರವಚನದ ಒಂದು ಪದವೂ ತಿಳಿಯುವುದಿಲ್ಲ. ಆಗ ಇನ್ನೆರಡು ಧ್ವನಿವರ್ಧಕ ತರುತ್ತಾರೆ, ಗದ್ದಲ ಇಮ್ಮಡಿಯಾಗುತ್ತದೆ. ತೆರೆದ ಕಿಟಕಿ, ಜಾಲಂಧ್ರ, ಪುಸ್ತಕದ ಕಪಾಟು, ಜಮಖಾನೆ ಇವು ಧ್ವನಿಯನ್ನು ನುಂಗಿಕೊಳ್ಳುತ್ತವೆ. ಪಂಡಿತರ ಗಂಟಲಿನ ಮೇಲಿನ ದಯೆಯಿಂದಲಾದರೂ ಇದನ್ನು ಗಮನಿಸಿ.

ಇನ್ನು ಬಾವಿ. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಮಡಿಗೂ ನೈವೇದ್ಯಕ್ಕೂ ಬಾವಿಯ ನೀರೇ ಬೇಕೆಂಬುದು ನಮ್ಮ ಮನೆಗಳ ಆಚಾರ. ನಮ್ಮ ಹಿತ್ತಲಿನ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ ಎಂಬ ಕಾರಣಕ್ಕೆ ಅದನ್ನು ಮುಚ್ಚುವ ಯೋಚನೆ. ಈ ಊರು ಗ್ರಾನೈಟ್ ಬಂಡೆಯ ಮೇಲೆ ಕುಳಿತಿದೆ. ನೀರು ನಿಲ್ಲುವುದು ಬಂಡೆಯ ಮೇಲಿನ ಶಿಥಿಲವಾದ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ತೆರೆದ ಬಾವಿ ಇಳಿದಿರುವುದೂ ಆ ಪದರಕ್ಕೇ. ಸುತ್ತಲೂ ನೆಲವನ್ನೆಲ್ಲ ಕಾಂಕ್ರೀಟಿನಿಂದ ಮುಚ್ಚಿ, ಬಾವಿ ಬತ್ತಿತು ಎಂದರೆ ಬಾವಿಯ ತಪ್ಪೇ? ಮುನ್ನೂರು ಚದರ ಮೀಟರಿನ ಛಾವಣಿಯ ಮೇಲೆ 800 ಮಿಲಿಮೀಟರ್ ಮಳೆ ಬಿದ್ದರೆ ಎರಡು ಲಕ್ಷ ನಲವತ್ತು ಸಾವಿರ ಲೀಟರ್. ಪೋಲಾಗುವುದನ್ನು ಕಳೆದರೂ ಒಂದು ಲಕ್ಷ ತೊಂಬತ್ತು ಸಾವಿರ ಲೀಟರ್ ಕೈಗೆ ಸಿಗುತ್ತದೆ. ಮೊದಲ ಮಳೆಯನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಜಲ್ಲಿ, ಮರಳು, ಇದ್ದಿಲುಗಳ ಮೂಲಕ ಸೋಸಿ ಬಾವಿಗೆ ಇಳಿಸಬಹುದು. ಹಾಗೆ ಇಳಿಸಿದ ನೀರು ಮಡಿಗೆ ಯೋಗ್ಯವೋ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ವಿದ್ವಾಂಸರು. ನನಗೆ ಗೊತ್ತಿರುವುದು ಜಲ್ಲಿ ಮರಳು ಮಾತ್ರ.

ನೀರಿನ ವಿಷಯದಲ್ಲಿ ಈ ಊರು ಕನ್ನಡಿಗರಿಗೆ ಋಣಿ ಎನ್ನುವ ಹೆಮ್ಮೆ ನಮಗಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಊರನ್ನು ಕೊಚ್ಚಿದ ಮೇಲೆ ಸರ್ ಎಂ. ವಿಶ್ವೇಶ್ವರಯ್ಯನವರು ಬಂದು ಪ್ರವಾಹ ತಡೆಯುವ ಯೋಜನೆ ಕೊಟ್ಟರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ಆದರೂ 2020ರ ಅಕ್ಟೋಬರಿನಲ್ಲಿ ಎಷ್ಟೋ ಬಡಾವಣೆಗಳು ಮುಳುಗಿದವು; 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ನೀರಿನಲ್ಲಿ ನಿಂತದ್ದು ನಾವಾರೂ ಮರೆಯುವ ಸಂಗತಿಯಲ್ಲ. ಬೇಸಿಗೆಯಲ್ಲಿ ಬತ್ತುವ ಬಾವಿಗೂ ಮಳೆಯಲ್ಲಿ ಮುಳುಗುವ ಬೀದಿಗೂ ಕಾರಣದ ಒಂದಂಶ ಒಂದೇ. ನೀರು ಇಂಗಲು ನಾವು ನೆಲ ಉಳಿಸಿಲ್ಲ. ಆದುದರಿಂದ ಅಂಗಳಕ್ಕೆ ಕಾಂಕ್ರೀಟು ಬೇಡ, ಸಂದುಬಿಟ್ಟು ಹಾಸಿದ ಶಹಾಬಾದ ಪರಸಿ ಸಾಕು. ಬೇವಿನ ಮರ ಇರುವಲ್ಲೇ ಇರಲಿ. ಅದರ ಸುತ್ತ ಕಟ್ಟೆ ಕಟ್ಟಿದರೆ ಸಂಜೆಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಕೋಣೆಯನ್ನು ನಾನು ಬರೆಯಲಾರೆ.

ಭವನ ಯಾರಿಗಾಗಿ ಎಂಬುದನ್ನೂ ಮರೆಯಬಾರದು. ಇದೇ ಅಬಿಡ್ಸಿನ ರೆಡ್ಡಿ ಹಾಸ್ಟೆಲನ್ನು ನೆನೆಯಿರಿ. ನಗರದ ಕೊತ್ವಾಲರಾಗಿದ್ದ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರು 1918ರಲ್ಲಿ ಹಳ್ಳಿಯ ಹುಡುಗರಿಗಾಗಿ ಅದನ್ನು ಸ್ಥಾಪಿಸಿದರು. ಸುರವರಂ ಪ್ರತಾಪ ರೆಡ್ಡಿಯವರಂತಹ ವಿದ್ವಾಂಸರು ಅದರ ಮೇಲ್ವಿಚಾರಣೆ ಮಾಡಿದರು. ಅಲ್ಲಿ ಉಂಡು ಓದಿದವರು ಒಂದು ನಾಡನ್ನೇ ರೂಪಿಸಿದರು. ಬೆಂಗಳೂರಿನಲ್ಲಿ ಪೇಜಾವರದ ಶ್ರೀವಿಶ್ವೇಶತೀರ್ಥ ಶ್ರೀಪಾದರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ ವಿದ್ಯಾರ್ಥಿಗಳಿಗೆ ಅನ್ನ, ವಸತಿ, ಪಾಠ ಮೂರೂ ದೊರೆತವು. ನಮ್ಮ ಕಡೆಯಿಂದ ಇಂದೂ ಮಕ್ಕಳು ಓದಿಗೂ ಉದ್ಯೋಗಕ್ಕೂ ಈ ಊರಿಗೆ ಬರುತ್ತಾರೆ. ಗಾಳಿಯಿಲ್ಲದ ಬಾಡಿಗೆ ಕೋಣೆಯಲ್ಲಿ ನಾಲ್ವರು ಮಲಗುತ್ತಾರೆ. ಸಂಧ್ಯಾವಂದನೆಗೆ ಒಂದು ಮೂಲೆ ಸಿಗುವುದಿಲ್ಲ. ಹೆಣ್ಣುಮಕ್ಕಳ ಪಾಡು ಇನ್ನೂ ಕಷ್ಟ. ನಕ್ಷೆಯಲ್ಲಿ ಅವರಿಗೆಂದು ಒಂದು ಶೌಚಾಲಯವನ್ನೂ ನಾನು ಕಾಣಲಿಲ್ಲ. ಅವರೂ ಇಲ್ಲಿ ನಿರ್ಭಯವಾಗಿ ಬಂದು ಓದುವಂತಿರಬೇಕು. ಗಾಜಿಗೆ ಇಟ್ಟ ಹಣದಲ್ಲಿ ಇದೆಲ್ಲವೂ ಆಗುತ್ತದೆ.

ನನ್ನ ಮಾತೇ ಸರಿಯೆಂದು ಒಪ್ಪಬೇಡಿ. ಹುಡುಗರ ಕೈಗೆ ನಾಲ್ಕು ಉಷ್ಣಮಾಪಕಗಳನ್ನು ಕೊಡುತ್ತೇನೆ. ಒಂದು ಈಗಿನ ಮಹಡಿಯ ಕೋಣೆಗೆ, ಒಂದು ಗರ್ಭಗುಡಿಯ ಹೊರಗಿನ ಹಳೆಯ ಕಲ್ಲಿನ ಮಂಟಪಕ್ಕೆ, ಒಂದು ಬೇವಿನ ನೆರಳಿಗೆ, ಒಂದು ಬಯಲಿಗೆ. ಯುಗಾದಿಯಿಂದ ಮೇ ಕೊನೆಯವರೆಗೆ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಓದಿ ಪುಸ್ತಕದಲ್ಲಿ ಬರೆಯಲಿ. ಬಾವಿಗೆ ಹಗ್ಗ ಬಿಟ್ಟು ವಾರಕ್ಕೊಮ್ಮೆ ನೀರಿನ ಮಟ್ಟವನ್ನೂ ಗುರುತಿಸಲಿ. ಅಲ್ಲಿಯವರೆಗೆ ನಕ್ಷೆಗೆ ಸಹಿ ಮಾಡಬೇಡಿರೆಂದು ಸಮಿತಿಯವರಲ್ಲಿ ಕೈಮುಗಿದು ಬೇಡುತ್ತೇನೆ. ಆ ಪುಸ್ತಕವನ್ನು ಜೂನ್ ತಿಂಗಳ ಮೊದಲ ಭಾನುವಾರ ಇದೇ ಸ್ಥಳದಲ್ಲಿ ಎಲ್ಲರೂ ಕೂಡಿ ನೋಡೋಣ. ಉಷ್ಣಮಾಪಕಗಳು ನನ್ನ ಚೀಲದಲ್ಲಿವೆ. ಹೆಸರು ಕೊಡುವ ಹುಡುಗ ಹುಡುಗಿಯರು ತೀರ್ಥಪ್ರಸಾದವಾದ ಮೇಲೆ ಬಾವಿಯ ಬಳಿ ಬರಬೇಕು.

॥ ಶ್ರೀಕೃಷ್ಣಾರ್ಪಣಮಸ್ತು ॥